ಟಂಕದ ಮೇಲಿನ ಹೆಸರು

ಕೆಲವು ವರ್ಷಗಳ ಹಿಂದೆ ಕಲಬುರಗಿಯ ಕಡೆಯ ಒಂದು ಹಳ್ಳಿಯಿಂದ ನಿವೃತ್ತ ಉಪಾಧ್ಯಾಯರೊಬ್ಬರು ನನ್ನಲ್ಲಿಗೆ ಬಂದರು. ಕರವಸ್ತ್ರದ ಗಂಟನ್ನು ಬಿಚ್ಚಿ ಒಂದು ಬೆಳ್ಳಿಯ ನಾಣ್ಯವನ್ನು ಮೇಜಿನ ಮೇಲಿಟ್ಟರು. ಅದರ ಅಂಚಿಗೆ ಯಾವ ಕಾಲದಲ್ಲೋ ಬೆಸೆದ ಒಂದು ಪುಟ್ಟ ಕೊಂಡಿ ಇತ್ತು. “ಇದು ನಮ್ಮ ಅವ್ವನ ಕೊರಳಾಗ ಇತ್ತರೀ. ಅವ್ವ ಹೋದ ಮ್ಯಾಲೆ ಪತ್ತಾರ ಕರಗಿಸಿ ಕೊಡ್ತೀನಿ ಅಂದ. ನನಗ ಮನಸ್ಸು ಬರಲಿಲ್ಲ. ಇದು ಯಾರ ಕಾಲದ್ದು ಅಂತ ಹೇಳ್ರಿ” ಎಂದರು. ಮನೆಯವರ ನಂಬಿಕೆಯಲ್ಲಿ ಅದು ಟಿಪ್ಪುವಿನ ನಾಣ್ಯ. ನೆರೆಯವರ ಅಭಿಪ್ರಾಯದಲ್ಲಿ ಔರಂಗಜೇಬನದು. ಎರಡಕ್ಕೂ ಇದ್ದ ಆಧಾರ ಒಂದೇ: ಅದರ ಮೇಲಿನ ಬರಹ ಅರಬ್ಬಿ ಲಿಪಿಯಲ್ಲಿತ್ತು ಎಂಬುದು.

ಗುರುತು ಸಿಗದ ಮಧ್ಯಯುಗದ ಬೆಳ್ಳಿಯ ನಾಣ್ಯವೊಂದು ಕೈಗೆ ಬಂದಾಗ ಅದಕ್ಕೆ ಹೆಸರಿಡುವ ಬಗೆ ಎಂತಹುದು, ಅದರಲ್ಲಿ ನಾಣ್ಯಸೂಚಿಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ, ಎಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತವೆ ಎಂಬುದನ್ನು ಈ ಒಂದು ನಾಣ್ಯವನ್ನೇ ಮುಂದಿಟ್ಟುಕೊಂಡು ಹೇಳಬೇಕೆಂದಿದ್ದೇನೆ. ಈ ನಾಣ್ಯದ ವಿಷಯದಲ್ಲಿ ನಾನು ಮೊದಲು ಹೇಳಿದ ಹೆಸರು ತಪ್ಪಾಗಿತ್ತು ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡುಬಿಡುವುದು ಲೇಸು. ಆ ತಪ್ಪು ಕಲಿಸಿದಷ್ಟನ್ನು ಸರಿಯಾದ ಹತ್ತು ಉತ್ತರಗಳೂ ನನಗೆ ಕಲಿಸಲಿಲ್ಲ.

ನಾಣ್ಯ ಕೈಗೆ ಬಂದೊಡನೆ ಪುಸ್ತಕವನ್ನು ತೆರೆಯಬಾರದು. ಮೊದಲು ನಾಣ್ಯವನ್ನೇ ವಿಚಾರಿಸಬೇಕು. ಅದರ ಲೋಹ ಯಾವುದು, ತೂಕವೆಷ್ಟು, ಅಗಲವೆಷ್ಟು, ಅಚ್ಚು ಹಾಕಿದ ರೀತಿ ಎಂತಹುದು ಎಂಬ ನಾಲ್ಕು ಪ್ರಶ್ನೆಗಳಿಗೆ ಓದುಬರಹ ಬೇಕಿಲ್ಲ. ಕಣ್ಣು ಮತ್ತು ತಕ್ಕಡಿ ಸಾಕು. ಬೆಳ್ಳಿಯೋ ಅಲ್ಲವೋ ಎಂದು ತಿಳಿಯಲು ಒರೆಗಲ್ಲಿಗೆ ಉಜ್ಜಬೇಕಾಗಿಲ್ಲ. ಉಜ್ಜಿದರೆ ನಾಣ್ಯಕ್ಕೆ ಗಾಯವಾಗುತ್ತದೆ. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರೆ ಆರ್ಕಿಮಿಡೀಸನು ಕಂಡುಕೊಂಡ ತತ್ತ್ವವೇ ಉತ್ತರ ಹೇಳುತ್ತದೆ. ಬೆಳ್ಳಿಯು ನೀರಿಗಿಂತ ಸುಮಾರು ಹತ್ತೂವರೆ ಪಟ್ಟು ಭಾರ; ಆದ್ದರಿಂದ 11 ಗ್ರಾಂ ತೂಗುವ ಒಳ್ಳೆಯ ಬೆಳ್ಳಿ ನೀರಿನಲ್ಲಿ ಒಂದು ಗ್ರಾಂಗಿಂತ ತುಸು ಹೆಚ್ಚು ಹಗುರವಾಗುತ್ತದೆ. ತಾಮ್ರದ ಬೆರಕೆ ಹೆಚ್ಚಿದಷ್ಟೂ ಈ ಇಳಿತವೂ ಹೆಚ್ಚುತ್ತದೆ.

ಉಪಾಧ್ಯಾಯರ ನಾಣ್ಯ ಕೊಂಡಿಯೂ ಸೇರಿ 11 ಗ್ರಾಂಗೆ ತುಸು ಮೇಲಿತ್ತು. ಈ ತೂಕವೇ ಒಂದು ಸುಳಿವು. ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲದ್ದು, ಎಂದರೆ 11.66 ಗ್ರಾಂ. ಮೊಗಲರ ರೂಪಾಯಿ ಅದಕ್ಕಿಂತ ಸ್ವಲ್ಪ ಕಡಿಮೆ. ಅವಕ್ಕೂ ಹಿಂದಿನದು ದಿಲ್ಲಿಯ ಸುಲ್ತಾನರ ಬೆಳ್ಳಿಯ ಟಂಕ. 13ನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಇಲ್ತಮಶನು ನೆಲೆಗೊಳಿಸಿದ ಆ ಟಂಕದ ತೂಕ ಸುಮಾರು 11 ಗ್ರಾಂ. ಕೊಂಡಿಯ ಭಾರವನ್ನು ಕಳೆದು, ಎಷ್ಟೋ ಕಾಲ ಕೊರಳಲ್ಲಿ ಸವೆದುದನ್ನು ಕೂಡಿಸಿ ನೋಡಿದರೆ ನಮ್ಮ ನಾಣ್ಯ ರೂಪಾಯಿಯ ಕಡೆಗಲ್ಲ, ಟಂಕದ ಕಡೆಗೆ ವಾಲುತ್ತಿತ್ತು.

ಇಲ್ಲಿ ದಕ್ಷಿಣದ ಒಂದು ವಿಶೇಷವನ್ನೂ ನೆನೆಯಬೇಕು. ಗದ್ಯಾಣ, ಪಣ, ವರಹ ಎಂದು ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಬರುವ ನಾಣ್ಯಗಳು ಮುಖ್ಯವಾಗಿ ಚಿನ್ನದವು. ವಿಜಯನಗರದ ವರಹವು ಸುಮಾರು 3.4 ಗ್ರಾಂ ತೂಗುವ ಪುಟ್ಟ ಹೊನ್ನು. ಅವರ ಬೆಳ್ಳಿಯ ನಾಣ್ಯಗಳು ತೀರ ಚಿಕ್ಕವು, ವಿರಳವಾದವು. ಹೀಗಾಗಿ ಮಧ್ಯಯುಗದ ದಖ್ಖನಿನಲ್ಲಿ ಅಂಗೈ ತುಂಬುವಂತಹ ದಪ್ಪ ಬೆಳ್ಳಿಯ ನಾಣ್ಯ ಸಿಕ್ಕಿತೆಂದರೆ ಮೊದಲು ನೋಡಬೇಕಾದುದು ಸುಲ್ತಾನರ ಟಂಕಸಾಲೆಗಳ ಕಡೆಗೆ.

ಆಮೇಲೆ ಬರಹ. ಅರಬ್ಬಿ ಲಿಪಿಯ ನಾಣ್ಯವನ್ನು ಓದುವುದು ದೊಡ್ಡ ಪಾಂಡಿತ್ಯದ ಕೆಲಸವೆಂದು ನಾವು ಹಿಂಜರಿಯುತ್ತೇವೆ. ವಾಸ್ತವವಾಗಿ ಟಂಕಗಳ ಮೇಲೆ ಬರುವ ಪದಗಳ ಸಂಖ್ಯೆ ಅಲ್ಪ. ಅವು ಮತ್ತೆ ಮತ್ತೆ ಬರುತ್ತವೆ. ನಮ್ಮ ಶಾಸನಗಳಲ್ಲಿ ‘ಸ್ವಸ್ತಿ ಸಮಸ್ತಭುವನಾಶ್ರಯ’ ಎಂದು ಬಿರುದಾವಳಿ ಸಾಗುವಂತೆ ಇಲ್ಲಿಯೂ ಬಿರುದುಗಳ ಒಂದು ಕ್ರಮವುಂಟು: ಮೊದಲು ‘ಅಸ್ಸುಲ್ತಾನುಲ್ ಆಜಮ್’, ಮಹಾಸುಲ್ತಾನನೆಂಬುದು, ಬಳಿಕ ‘ಇಹಕ್ಕೂ ಧರ್ಮಕ್ಕೂ’ ಉನ್ನತಿಯೋ ಕಿರೀಟವೋ ಆದವನೆಂಬ ಬಿರುದು, ಆಮೇಲೆ ‘ಅಬುಲ್ ಮುಜಫ್ಫರ್’, ವಿಜಯದ ತಂದೆ ಎಂಬ ಉಪನಾಮ, ಕೊನೆಗೆ ದೊರೆಯ ಸ್ವಂತ ಹೆಸರು. ಬಿರುದು ಬೇರೆ, ಹೆಸರು ಬೇರೆ ಎಂಬುದನ್ನು ಹೊಸಬರು ಮರೆಯುವಲ್ಲಿಯೇ ಮೊದಲ ಎಡವು ಆಗುತ್ತದೆ.

ಇದಕ್ಕೆ ಅಲಾಉದ್ದೀನ್ ಖಿಲ್ಜಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1296ರಿಂದ 1316ರವರೆಗೆ ದಿಲ್ಲಿಯಲ್ಲಿ ಆಳಿದ ಈತನ ಬೆಳ್ಳಿಯ ಟಂಕದ ಮೇಲೆ ಹೆಸರಿನ ಜಾಗದಲ್ಲಿರುವುದು ‘ಮುಹಮ್ಮದ್ ಷಾ’ ಎಂದು. ನಾವು ಬಲ್ಲ ಅಲಾಉದ್ದೀನ್ ಎಂಬುದು ‘ಅಲಾ ಉದ್ದುನಿಯಾ ವದ್ದೀನ್’ ಎಂಬ ಬಿರುದಿನ ಕಿರಿದಾದ ರೂಪ. ಇದನ್ನರಿಯದವನು ಮುಹಮ್ಮದ್ ಎಂಬುದನ್ನು ಓದಿ, ಪುಸ್ತಕದಲ್ಲಿ ಮುಹಮ್ಮದ್ ತುಘಲಕನ ಪುಟಗಳನ್ನು ತಿರುವಿ ಹಾಕುತ್ತ ಸಂಜೆಯೆಲ್ಲ ಕಳೆಯಬಹುದು.

ಹಿಂಬದಿಯಲ್ಲಿ ಖಲೀಫನ ವಿಷಯ ಬರುತ್ತದೆ. ಇಲ್ಲಿಯೂ ಎಚ್ಚರ ಬೇಕು. ಬಾಗ್ದಾದಿನ ಖಲೀಫ ಅಲ್ ಮುಸ್ತಾಸಿಮನನ್ನು ಮಂಗೋಲರು 1258ರಲ್ಲಿ ಕೊಂದರು. ಆದರೆ ದಿಲ್ಲಿಯ ಟಂಕಗಳ ಮೇಲೆ ಆತನ ಹೆಸರು ಇನ್ನೂ ಸುಮಾರು ನಾಲ್ವತ್ತು ವರ್ಷ ಅಚ್ಚಾಗುತ್ತಲೇ ಇತ್ತು. ಇಂಗ್ಲೆಂಡಿನಲ್ಲಿಯೂ ಇಂತಹುದೇ ಒಂದು ಕಥೆಯುಂಟು. 1180ರಲ್ಲಿ ಎರಡನೆಯ ಹೆನ್ರಿ ಹೊರಡಿಸಿದ ಬೆಳ್ಳಿಯ ಪೆನ್ನಿಯ ಮೇಲಿನ ‘ಹೆನ್ರಿಕಸ್’ ಎಂಬ ಹೆಸರು, ಅವನ ಮಕ್ಕಳಾದ ರಿಚರ್ಡ್ ಮತ್ತು ಜಾನ್ ಆಳುತ್ತಿದ್ದಾಗಲೂ ಬದಲಾಗಲಿಲ್ಲ. ಮೊಮ್ಮಗ ಮೂರನೆಯ ಹೆನ್ರಿಯ ಕಾಲದಲ್ಲಿ, 1247ರವರೆಗೂ ಅದೇ ಮಾದರಿ ನಡೆಯಿತು. ಒಂದೇ ಹೆಸರಿನಡಿ ನಾಲ್ವರು ದೊರೆಗಳು. ಅವನ್ನು ಬೇರ್ಪಡಿಸಲು ವಿದ್ವಾಂಸರು ಹೆಸರನ್ನು ಬಿಟ್ಟು, ಅಕ್ಷರಗಳ ಆಕಾರ, ಮುಖದ ಸುತ್ತಲಿನ ಗುಂಗುರುಗಳ ಎಣಿಕೆ, ಟಂಕಿಸಿದವನ ಹೆಸರು ಇವನ್ನು ಆಧರಿಸಬೇಕಾಯಿತು. ನಾಣ್ಯದ ಮೇಲೆ ಇರುವುದು ಪ್ರಭುತ್ವವು ಹೇಳಬಯಸಿದ ಮಾತು; ಅದು ಯಾವಾಗಲೂ ಆ ದಿನದ ವರ್ತಮಾನವೇ ಆಗಿರಬೇಕಾಗಿಲ್ಲ.

ಇನ್ನು ಟಂಕಸಾಲೆಯ ಹೆಸರೂ ವರ್ಷವೂ. ಇವೆರಡನ್ನೂ ಟಂಕದ ಅಂಚಿನ ಸುತ್ತ ಬರೆಯುತ್ತಿದ್ದುದು ವಾಡಿಕೆ. ಆದರೆ ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು; ಸುತ್ತಿಗೆಯ ಪೆಟ್ಟು ತುಸು ಓರೆಯಾಗಿ ಬಿದ್ದರೂ ಅಂಚಿನ ಬರಹದ ಅರ್ಧ ಭಾಗ ಬಿಲ್ಲೆಯ ಹೊರಗೇ ಉಳಿದುಬಿಡುತ್ತಿತ್ತು. ಉಳಿದ ಅರ್ಧದಲ್ಲಿಯೂ ಓದುವವನನ್ನು ಕಾಡುವ ತೊಡಕೊಂದಿದೆ. ಅರಬ್ಬಿಯಲ್ಲಿ ಅಕ್ಷರದಿಂದ ಅಕ್ಷರಕ್ಕೆ ಭೇದ ಮಾಡುವುದು ಅನೇಕ ವೇಳೆ ಚುಕ್ಕೆಗಳು. ನಾಣ್ಯದ ಅಚ್ಚನ್ನು ಕೊರೆಯುವವನು ಸಾಮಾನ್ಯವಾಗಿ ಅವನ್ನು ಬಿಟ್ಟುಬಿಡುತ್ತಿದ್ದ. ಚುಕ್ಕೆಗಳನ್ನು ತೆಗೆದರೆ ಏಳು ಎಂಬ ಅರ್ಥದ ‘ಸಬ’ವೂ ಒಂಬತ್ತು ಎಂಬ ಅರ್ಥದ ‘ತಿಸ’ವೂ ಒಂದೇ ಆಗಿ ಕಾಣುತ್ತವೆ: ನಾಲ್ಕು ಹಲ್ಲುಗಳು, ಕೊನೆಗೊಂದು ‘ಐನ್’. ವರ್ಷವನ್ನು ಅಂಕಿಗಳಲ್ಲಲ್ಲದೆ ಪದಗಳಲ್ಲಿ ಬರೆದ ಖಿಲ್ಜಿಯ ಟಂಕದಲ್ಲಿ ಹಿಜರಿ 707 ಯಾವುದು, 709 ಯಾವುದು ಎಂದು ನಿರ್ಧರಿಸುವುದು ಹೀಗೆ ಕಣ್ಣಿನ ಪರೀಕ್ಷೆಯೇ ಸರಿ.

ಹಿಜರಿಯನ್ನು ಕ್ರಿಸ್ತಶಕಕ್ಕೆ ತಿರುಗಿಸುವ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಚಾಂದ್ರಮಾನದ ಆ ವರ್ಷಕ್ಕೆ 354 ಅಥವಾ 355 ದಿನ; ಆದ್ದರಿಂದ ಬರೀ 622ನ್ನು ಕೂಡಿಸಿದರೆ ಸಾಲದು. ಹಿಜರಿ ವರ್ಷದಿಂದ ಅದರ ನೂರಕ್ಕೆ ಮೂರು ಪಾಲನ್ನು ಕಳೆದು, ಉಳಿದುದಕ್ಕೆ 622ನ್ನು ಕೂಡಿಸಬೇಕು. ಹಿಜರಿ 780 ಹೀಗೆ 1378 ಆಗುತ್ತದೆ.

ಇಷ್ಟು ವಿಚಾರಣೆ ಮುಗಿದ ಮೇಲೆಯೇ ನಾಣ್ಯಸೂಚಿಯ ಸರದಿ. ನಾಣ್ಯಸೂಚಿ ಎಂದರೆ ನಾಣ್ಯಗಳ ಪಂಚಾಂಗವೆನ್ನಬಹುದು. ವಂಶದ ಕ್ರಮದಲ್ಲಿ, ಒಂದು ವಂಶದೊಳಗೆ ದೊರೆಗಳ ಕ್ರಮದಲ್ಲಿ, ಒಬ್ಬ ದೊರೆಯೊಳಗೆ ಚಿನ್ನ, ಬೆಳ್ಳಿ, ತಾಮ್ರಗಳ ಕ್ರಮದಲ್ಲಿ ಪ್ರತಿಯೊಂದು ಬಗೆಯ ನಾಣ್ಯಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಎರಡೂ ಪಕ್ಕಗಳ ಬರಹವನ್ನು ಪೂರ್ತಿಯಾಗಿ ಕೊಟ್ಟು, ತೂಕವನ್ನೂ ದೊರೆತ ವರ್ಷಗಳನ್ನೂ ನಮೂದಿಸಿ, ಚಿತ್ರವನ್ನು ಅಚ್ಚು ಹಾಕಿರುತ್ತಾರೆ. ಇದರ ದೊಡ್ಡ ಉಪಕಾರವೇನೆಂದರೆ, ಒಂದು ನಾಣ್ಯದಲ್ಲಿ ಅಂಚಿನ ಎಡಭಾಗವೂ ಇನ್ನೊಂದರಲ್ಲಿ ಬಲಭಾಗವೂ ಮತ್ತೊಂದರಲ್ಲಿ ವರ್ಷವೂ ಉಳಿದಿದ್ದರೆ, ಅವನ್ನೆಲ್ಲ ಕೂಡಿಸಿ ಅಖಂಡವಾದ ಬರಹವನ್ನು ನಮ್ಮ ಮುಂದಿಡುತ್ತದೆ. ನಮ್ಮ ಕೈಯಲ್ಲಿರುವ ಹರಕು ಸಾಲಿಗೆ ಅದು ಪೂರ್ಣಪಾಠ.

ಈ ವಿದ್ಯೆಗೆ ನಮ್ಮ ದೇಶದಲ್ಲಿ ಒಂದೂವರೆ ಶತಮಾನದ ಪರಂಪರೆಯಿದೆ. ದಿಲ್ಲಿಯ ಪಠಾಣ ದೊರೆಗಳ ಚರಿತ್ರೆಯನ್ನು ನಾಣ್ಯ, ಶಾಸನಗಳ ಆಧಾರದಿಂದ ಬರೆದ ಎಡ್ವರ್ಡ್ ಥಾಮಸನ ಗ್ರಂಥ 1871ರಲ್ಲಿ ಹೊರಬಂದಿತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಸುಲ್ತಾನರ ನಾಣ್ಯಗಳನ್ನು ಸ್ಟಾನ್ಲಿ ಲೇನ್‌ಪೂಲನು 1884ರಲ್ಲಿಯೂ 1885ರಲ್ಲಿಯೂ ಎರಡು ಸಂಪುಟಗಳಲ್ಲಿ ವಿವರಿಸಿದನು. ನೆಲ್ಸನ್ ರೈಟನು ದಿಲ್ಲಿಯ ಸುಲ್ತಾನರ ನಾಣ್ಯಗಳನ್ನೂ ಅವುಗಳ ತೂಕದ ಪದ್ಧತಿಯನ್ನೂ ಕುರಿತು 1936ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಬಳಕೆಯಲ್ಲಿದೆ. ಬಹಮನಿ ನಾಣ್ಯಗಳನ್ನು ಕುರಿತು ಕಾಡ್ರಿಂಗ್ಟನ್ 1898ರಲ್ಲಿ, ಸ್ಪೈಟ್ 1935ರಲ್ಲಿ ಬರೆದರು. ಹೈದರಾಬಾದಿನ ಸರ್ಕಾರಿ ವಸ್ತುಸಂಗ್ರಹಾಲಯದ ಬಹಮನಿ ನಾಣ್ಯಗಳ ಸೂಚಿಯನ್ನು ಅಬ್ದುಲ್ ವಲಿ ಖಾನರು 1964ರಲ್ಲಿ ಹೊರತಂದರು. ಕೊನೆಗೆ 2001ರಲ್ಲಿ ಸ್ಟ್ಯಾನ್ ಗೊರಾನ್ ಮತ್ತು ಜೆ. ಪಿ. ಗೋಯಂಕಾ ಇವರು ಭಾರತದ ಸುಲ್ತಾನರ ನಾಣ್ಯಗಳೆಲ್ಲವನ್ನೂ ಒಂದೇ ಸಂಪುಟದಲ್ಲಿ ತಂದರು. ದಿಲ್ಲಿಯ ನಾಣ್ಯಗಳಿಗೆ ‘ಡಿ’, ಬಹಮನಿ ನಾಣ್ಯಗಳಿಗೆ ‘ಬಿಎಚ್’ ಎಂಬ ಅವರ ಸಂಕೇತಗಳೇ ಇಂದು ಸಂಗ್ರಾಹಕರ ನಡುವೆ ಪರಿಭಾಷೆಯಾಗಿವೆ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ಉಪಾಧ್ಯಾಯರ ನಾಣ್ಯದ ಒಂದು ಪಕ್ಕ, ಬಟ್ಟೆಗೆ ತಾಗುತ್ತಿದ್ದ ಪಕ್ಕ, ಚೆನ್ನಾಗಿಯೇ ಉಳಿದಿತ್ತು. ಅದರಲ್ಲಿ ‘ಸಿಕಂದರ್ ಉಸ್ಸಾನಿ’ ಎಂದಿತ್ತು, ಎಂದರೆ ಎರಡನೆಯ ಅಲೆಗ್ಸಾಂಡರ್. ಕೆಳಗೆ ‘ಯಮೀನುಲ್ ಖಿಲಾಫತ್’, ಖಲೀಫತನದ ಬಲಗೈ ಎಂಬ ಮಾತು. ಕೊರಳಿಗೆ ತಾಗುತ್ತಿದ್ದ ಇನ್ನೊಂದು ಪಕ್ಕ ಬಹಳ ಸವೆದಿತ್ತು. ಮೇಲಿನ ಸಾಲುಗಳಲ್ಲಿ ‘ಅಲಾ ಉದ್ದುನಿಯಾ ವದ್ದೀನ್’ ಎಂಬುದನ್ನು ಓದಬಹುದಿತ್ತು; ಹೆಸರು ಇರಬೇಕಾದ ಎಡೆಯಲ್ಲಿ ನಡುವೆ ಒಂದೆರಡು ಅಕ್ಷರಗಳ ನೆರಳು ಮಾತ್ರ. ನನ್ನ ಕಪಾಟಿನಲ್ಲಿ ಕೈಗೆಟುಕುವಂತೆ ಇದ್ದುದು ನೆಲ್ಸನ್ ರೈಟನ ಗ್ರಂಥ. ತೆರೆದು ನೋಡಿದೆ. ತನ್ನನ್ನು ಎರಡನೆಯ ಅಲೆಗ್ಸಾಂಡರನೆಂದು ಕರೆದುಕೊಂಡ ಅಲಾಉದ್ದೀನ್ ಖಿಲ್ಜಿ ಅಲ್ಲಿದ್ದ. ಬಿರುದು ಸರಿಹೋಯಿತು, ಹಿಂಬದಿ ಅಕ್ಷರಶಃ ಸರಿಹೋಯಿತು, ತೂಕ ಸರಿಹೋಯಿತು. ನಡುವಿನ ‘ಹ’ಕಾರ ‘ಮ’ಕಾರಗಳ ನೆರಳನ್ನು ‘ಮುಹಮ್ಮದ್’ ಎಂದು ಓದಿದೆ. ಖಿಲ್ಜಿಯ ನಾಣ್ಯ ಕಲಬುರಗಿಗೆ ಬಂದುದು ಹೇಗೆಂಬ ಸಂದೇಹವೂ ಹುಟ್ಟಲಿಲ್ಲ. 1311ರಲ್ಲಿ ಅವನ ಸೇನಾನಿ ಮಲಿಕ್ ಕಾಫರನು ಹೊಯ್ಸಳರ ದ್ವಾರಸಮುದ್ರದವರೆಗೂ ಬಂದಿದ್ದನಲ್ಲ! ‘ದಿಲ್ಲಿಯ ಅಲಾಉದ್ದೀನ್ ಖಿಲ್ಜಿಯ ಟಂಕ’ ಎಂದು ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಅವರು ಅದನ್ನು ನಾಣ್ಯದೊಂದಿಗೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಸಂತೋಷದಿಂದ ಹೋದರು. ನನ್ನಲ್ಲಿ ಉಳಿದುದು, ಕಾಗದವನ್ನು ನಾಣ್ಯದ ಮೇಲಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ ತೆಗೆದುಕೊಂಡ ಪಡಿಯಚ್ಚು.

ಎರಡು ತಿಂಗಳ ತರುವಾಯ ಬೇರೆ ಯಾವುದೋ ಕೆಲಸಕ್ಕಾಗಿ ಬಹಮನಿ ನಾಣ್ಯಗಳ ಪುಟಗಳನ್ನು ತಿರುವುತ್ತಿದ್ದಾಗ ನನ್ನ ಕೈ ಅಲ್ಲಿಯೇ ನಿಂತಿತು. ಅಲಾ ಉದ್ದುನಿಯಾ ವದ್ದೀನ್, ಅಬುಲ್ ಮುಜಫ್ಫರ್, ಹಿಂದೆ ಸಿಕಂದರ್ ಉಸ್ಸಾನಿ, ಯಮೀನುಲ್ ಖಿಲಾಫತ್. ಎಲ್ಲವೂ ಅದೇ. ಹೆಸರು ಮಾತ್ರ ಬೇರೆ: ‘ಬಹಮನ್ ಷಾ’.

1347ರಲ್ಲಿ ಮುಹಮ್ಮದ್ ತುಘಲಕನ ಅಧಿಕಾರವನ್ನು ಧಿಕ್ಕರಿಸಿ ದಖ್ಖನಿನಲ್ಲಿ ಸ್ವತಂತ್ರನಾಗಿ, ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು, ಅದಕ್ಕೆ ಅಹಸನಾಬಾದ್ ಎಂಬ ಹೆಸರನ್ನು ಕೊಟ್ಟ ಅಲಾಉದ್ದೀನ್ ಹಸನ್ ಬಹಮನ್ ಷಾ ಇವನು. ಹೊಸ ರಾಜ್ಯ ಕಟ್ಟಿದವನಿಗೆ ಹಳೆಯ ವೈಭವದ ಉಡುಪು ಬೇಕು. ತುಘಲಕರ ವಿರುದ್ಧ ಎದ್ದವನು ಅವರ ಮಾದರಿಯನ್ನು ಹಿಡಿಯುವಂತಿರಲಿಲ್ಲ. ಅವರಿಗೂ ಹಿಂದಿನ ಖಿಲ್ಜಿಯ ಟಂಕವನ್ನೇ ಆದರ್ಶವಾಗಿಟ್ಟುಕೊಂಡು, ಅದೇ ತೂಕದಲ್ಲಿ, ಅದೇ ಬಿರುದುಗಳಲ್ಲಿ ತನ್ನ ಟಂಕವನ್ನು ಹೊರಡಿಸಿದ. ಎರಡು ನಾಣ್ಯಗಳ ನಡುವೆ ಅರ್ಧ ಶತಮಾನದ ಕಾಲವಿದೆ. ದಿಲ್ಲಿಗೂ ಕಲಬುರಗಿಗೂ ನಡುವಿನ ದೂರವಿದೆ. ಕಣ್ಣಿಗೆ ಕಾಣುವ ಭೇದ ಮುಖ್ಯವಾಗಿ ಆ ಒಂದು ಹೆಸರಿನಲ್ಲಿ ಮತ್ತು ಅಂಚಿನ ಬರಹದಲ್ಲಿ.

ಪಡಿಯಚ್ಚನ್ನು ಹೊರತೆಗೆದೆ. ಅರಬ್ಬಿಯಲ್ಲಿ ‘ಮುಹಮ್ಮದ್’ ಮತ್ತು ‘ಬಹಮನ್’ ಎರಡರ ನಡುವೆಯೂ ‘ಹ’ಕಾರ ‘ಮ’ಕಾರಗಳುಂಟು. ಹಕಾರದ ರೂಪ ಬೇರೆಯಾದರೂ ಸವೆದ ಬೆಳ್ಳಿಯಲ್ಲಿ ಅದು ತೋರದು. ಭೇದವಿರುವುದು ಎರಡು ತುದಿಗಳಲ್ಲಿ. ಮುಹಮ್ಮದ್ ಎಂಬುದು ಗುಂಡನೆಯ ‘ಮೀಮ್’ನಿಂದ ಮೊದಲಾಗಿ, ಸಾಲಿನ ಮೇಲೆಯೇ ಕುಳಿತಿರುವ ಚಿಕ್ಕ ‘ದಾಲ್’ನಲ್ಲಿ ಮುಗಿಯುತ್ತದೆ. ಬಹಮನ್ ಎಂಬುದು ಒಂದು ಹಲ್ಲಿನಿಂದ ಮೊದಲಾಗಿ, ಬಟ್ಟಲಿನಂತೆ ಸಾಲಿನ ಕೆಳಗೆ ಇಳಿಯುವ ‘ನೂನ್’ನಲ್ಲಿ ಮುಗಿಯುತ್ತದೆ. ನನ್ನ ಪಡಿಯಚ್ಚಿನಲ್ಲಿ ಸಾಲಿನ ಕೆಳಗೆ ಬಾಗಿದ ಒಂದು ಗೆರೆಯಿತ್ತು. ಅದನ್ನು ನಾನು ಆ ದಿನ ಪತ್ತಾರನ ಉಳಿಯ ಗುರುತೆಂದು ತಳ್ಳಿಹಾಕಿದ್ದೆ.

ಉಪಾಧ್ಯಾಯರಿಗೆ ಪತ್ರ ಬರೆದೆ. ಅವರು ಬೇಸರಿಸದೆ ಮತ್ತೆ ಬಂದರು. ಈ ಸಲ ಕೋಣೆಯ ಕಿಟಕಿ ಮುಚ್ಚಿ, ದೀಪವನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ನಾಣ್ಯವನ್ನು ಮೆಲ್ಲಗೆ ತಿರುಗಿಸಿದೆ. ನೇರ ಬೆಳಕಿನಲ್ಲಿ ಬಯಲಾಗಿ ಕಂಡಿದ್ದ ಎಡೆಯಲ್ಲಿ ನೂನಿನ ಬಟ್ಟಲು ನೆರಳಾಗಿ ಎದ್ದು ನಿಂತಿತು. ಅಂಚಿನಲ್ಲಿ, ಕೊಂಡಿಯ ಬೆಸುಗೆಯ ಪಕ್ಕದಲ್ಲಿ, ‘ಆಬಾದ್’ ಎಂಬ ತುಣುಕು ಉಳಿದಿತ್ತು. ದಿಲ್ಲಿ ಎಂಬ ಹೆಸರಿನಲ್ಲಿ ಆ ತುಣುಕಿಗೆ ಎಡೆಯಿಲ್ಲ, ಅಹಸನಾಬಾದಿನಲ್ಲಿದೆ. ದೂರದ ದಿಲ್ಲಿಯಿಂದ ಬಂದುದೆಂದು ನಾನು ಸಾರಿದ್ದ ನಾಣ್ಯ ಅವರ ಊರಿನ ಸಮೀಪದಲ್ಲೇ ಅಚ್ಚಾಗಿತ್ತು.

ಎಲ್ಲಿ ತಪ್ಪಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಓದುವುದರಲ್ಲಿ ಅವಸರಪಟ್ಟೆ ಎಂಬುದು ನಿಜ. ಆದರೆ ಮೂಲದೋಷ ಬೇರೆ. ನಾನು ತೆರೆದುದು ದಿಲ್ಲಿಯ ಸುಲ್ತಾನರ ನಾಣ್ಯಸೂಚಿ. ಅದರಲ್ಲಿ ಬಹಮನಿಗಳು ಇಲ್ಲ, ಇರಬೇಕಾಗಿಯೂ ಇಲ್ಲ. ಒಂದು ಸೂಚಿಯು ತನ್ನ ಎಲ್ಲೆಯೊಳಗಿರುವ ಉತ್ತರಗಳನ್ನು ಮಾತ್ರ ಕೊಡಬಲ್ಲದು. ಎಲ್ಲೆಯ ಹೊರಗಿನ ಪ್ರಶ್ನೆಯನ್ನು ಕೇಳಿದರೆ ಅದು ‘ನನಗೆ ತಿಳಿಯದು’ ಎನ್ನುವುದಿಲ್ಲ. ತನ್ನಲ್ಲಿರುವುದರಲ್ಲಿ ಹತ್ತಿರವಾದುದನ್ನು ಮೌನವಾಗಿ ಮುಂದೊಡ್ಡುತ್ತದೆ. ಆ ಹತ್ತಿರದ್ದನ್ನೇ ನಿಜವೆಂದು ಕೈಚಾಚಿ ತೆಗೆದುಕೊಳ್ಳುವವರು ನಾವು. ವಸ್ತುಸಂಗ್ರಹಾಲಯದ ಸೂಚಿಯಂತೂ ಆ ಸಂಗ್ರಹಾಲಯದಲ್ಲಿ ಏನಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಲೋಕದಲ್ಲಿ ಏನಿಲ್ಲ ಎಂಬುದನ್ನು ಹೇಳುವುದಿಲ್ಲ. ಹರಾಜಿನವರು ಹೊರಡಿಸುವ ಪುಸ್ತಿಕೆಗಳಲ್ಲಿ ಒಳ್ಳೆಯ ಚಿತ್ರಗಳಿರುತ್ತವೆ. ಹೋಲಿಕೆಗೆ ಅವು ಬಹಳ ಉಪಯುಕ್ತ. ಆದರೆ ಚಿತ್ರದ ಕೆಳಗಿನ ಹೆಸರನ್ನು ನಾವೇ ಓದಿ ಒಪ್ಪಬೇಕು. ಸೂಚಿಯೊಂದರಲ್ಲಿ ಹೋಲುವ ನಾಣ್ಯ ಸಿಕ್ಕಿದೊಡನೆ ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಇದು ಅದೇ ಹೌದೆ?’ ಎಂಬುದಲ್ಲ, ‘ಇದು ಇನ್ನಾವುದು ಆಗಿರಬಹುದು?’ ಎಂಬುದು.

ಇಷ್ಟೆಲ್ಲ ಸೂಕ್ಷ್ಮ ಏಕೆ, ಬೆಳ್ಳಿ ಬೆಳ್ಳಿಯೇ ತಾನೆ ಎಂದು ಯಾರಾದರೂ ಕೇಳಬಹುದು. ಒಂದು ಅಕ್ಷರಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಸಾಹಿತ್ಯಪ್ರಿಯರು ಮೆಚ್ಚುವ ಒಂದು ನಿದರ್ಶನವನ್ನು ಕೊಡುತ್ತೇನೆ. ಪಾರಸಿಯ ಮಹಾಕವಿ ಷೀರಾಜಿನ ಹಾಫಿಜನನ್ನು ಕಲಬುರಗಿಯ ದೊರೆಯೊಬ್ಬ ತನ್ನ ಆಸ್ಥಾನಕ್ಕೆ ಬರಮಾಡಿಕೊಳ್ಳಲು ಯತ್ನಿಸಿದನೆಂಬ ಕಥೆ ಪ್ರಸಿದ್ಧವಾದುದು. ಕವಿ ಹೊರಟು ಹೋರ್ಮುಜಿನ ಬಂದರಿನವರೆಗೂ ಬಂದನಂತೆ, ಹಡಗನ್ನೂ ಹತ್ತಿದನಂತೆ, ಅಷ್ಟರಲ್ಲಿ ಬಿರುಗಾಳಿ ಎದ್ದುದನ್ನು ಕಂಡು ಹೆದರಿ ಇಳಿದು, ತನಗೆ ಬದಲಾಗಿ ಒಂದು ಗಜಲನ್ನು ಕಳುಹಿಸಿ ಊರಿಗೆ ಹಿಂದಿರುಗಿದನಂತೆ. ಈ ಕಥೆಯನ್ನು ಹೇಳಿದವನು ಫಿರಿಷ್ತ. ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ, ಇಂದಿನ ವಿಜಯಪುರದಲ್ಲಿ, 17ನೆಯ ಶತಮಾನದ ಆರಂಭದಲ್ಲಿ ಕುಳಿತು ತನ್ನ ದೊಡ್ಡ ಇತಿಹಾಸವನ್ನು ಬರೆದವನು. ಕವಿಯನ್ನು ಕರೆಸಿದ ಆ ಐದನೆಯ ಬಹಮನಿ ದೊರೆಯ ಹೆಸರನ್ನು ಅವನು ‘ಮಹಮೂದ್ ಷಾ’ ಎಂದು ಕೊಟ್ಟ. ಅವನನ್ನು ಅನುಸರಿಸಿದವರೆಲ್ಲರೂ ಹಾಗೆಯೇ ಬರೆದರು.

ಆದರೆ 1378ರಿಂದ 1397ರವರೆಗೆ ಆಳಿದ ಆ ದೊರೆಯ ನಾಣ್ಯಗಳು ಬೇರೆ ಮಾತನ್ನು ಹೇಳುತ್ತವೆ. ಅವುಗಳ ಮೇಲಿರುವುದು ‘ಮುಹಮ್ಮದ್ ಷಾ’ ಎಂದು. ಆ ಕಾಲದ ಶಾಸನಗಳೂ ಇದನ್ನೇ ಹೇಳುತ್ತವೆ. ಅರಬ್ಬಿ ಬರವಣಿಗೆಯಲ್ಲಿ ಮುಹಮ್ಮದ್‌ಗೂ ಮಹಮೂದ್‌ಗೂ ಇರುವ ಭೇದ ‘ವಾವ್’ ಎಂಬ ಒಂದೇ ಅಕ್ಷರ. ಎರಡು ಶತಮಾನಗಳ ತರುವಾಯ ಲೇಖನಿ ಹಿಡಿದವನ ಬರಹದಲ್ಲಿ ಸೇರಿಕೊಂಡ ಆ ಅಕ್ಷರ ದೊರೆಯ ಜೀವಿತಕಾಲದಲ್ಲೇ ಅಚ್ಚಾದ ಬೆಳ್ಳಿಯಲ್ಲಿ ಇಲ್ಲ. ಇತಿಹಾಸಕಾರರು ಈಗ ಅವನನ್ನು ಎರಡನೆಯ ಮುಹಮ್ಮದ್ ಷಾ ಎಂದೇ ಎಣಿಸುತ್ತಾರೆ. ಮಹಮೂದ್ ಎಂಬ ಹೆಸರಿನ ಬಹಮನಿ ಸುಲ್ತಾನನೊಬ್ಬ ನಿಜವಾಗಿ ಇದ್ದ. ಅವನು ಆಳಿದುದು ನೂರು ವರ್ಷದ ಮೇಲೆ, 1482ರಿಂದ 1518ರವರೆಗೆ, ರಾಜ್ಯ ಕುಸಿಯುತ್ತಿದ್ದಾಗ. ಹಾಫಿಜನಿಗೆ ಹಡಗು ಕಳುಹಿಸಿದವನ ಹೆಸರನ್ನು ಸರಿಪಡಿಸಿದವು ಯಾವ ಪಂಡಿತರ ವಾದವೂ ಅಲ್ಲ, ಯಾರೋ ಕರಗಿಸದೆ ಉಳಿಸಿದ ಕೆಲವು ಟಂಕಗಳೂ ಕೆಲವು ಕಲ್ಲುಗಳೂ.

ಕರಗಿಸದೆ ಉಳಿಸುವುದು ಎಂಬುದರಲ್ಲಿಯೇ ಎಲ್ಲವೂ ಇದೆ. ಮೂಸೆಗೆ ಬಿದ್ದ ಟಂಕ 11 ಗ್ರಾಂ ಬೆಳ್ಳಿ. ಅದರ ಸಾಕ್ಷ್ಯವನ್ನು ಮತ್ತೆ ಯಾರೂ ಕೇಳಲಾರರು. ಕರಗಿಸುವಷ್ಟೇ ಅಪಾಯ ತೊಳೆಯುವುದರಲ್ಲಿಯೂ ಉಂಟು. ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಇವುಗಳಿಂದ ಉಜ್ಜಿ ಬೆಳಗಿದಾಗ ಮೊದಲು ಹೋಗುವುದು ಅಕ್ಷರದ ತುದಿಗಳು. ನಮ್ಮ ನೂನಿನ ಬಟ್ಟಲಿನಂತಹವು. ಕಪ್ಪಾದ ನಾಣ್ಯವನ್ನು ಕಪ್ಪಾಗಿಯೇ ಬಿಡಬೇಕು. ಟಂಕದ ಮೇಲೆ ಕಾಣುವ ಸಣ್ಣ ಉಳಿಯ ಗುರುತುಗಳನ್ನು ಕಂಡು ಹಾಳಾಯಿತೆಂದು ಕೊರಗಬೇಕಾಗಿಯೂ ಇಲ್ಲ. ಅವು ಅನೇಕ ವೇಳೆ ಬೆಳ್ಳಿಯ ಒಳಗನ್ನು ಪರೀಕ್ಷಿಸಿದ ಚಿನಿವಾರರ ಗುರುತುಗಳು, ನಾಣ್ಯ ಕೈಯಿಂದ ಕೈಗೆ ನಡೆದುದರ ರಸೀದಿಗಳು. ನಾಣ್ಯ ಎಲ್ಲಿ, ಹೇಗೆ, ಯಾವುದರ ಜೊತೆಗೆ ದೊರೆಯಿತು ಎಂಬುದನ್ನು ಆಗಲೇ ಬರೆದಿಡಬೇಕು. ನೆಲದಲ್ಲಿ ನಿಧಿಯಾಗಿ ಸಿಕ್ಕಿದ್ದರೆ ಕಾನೂನಿನಂತೆ ಅಧಿಕಾರಿಗಳಿಗೆ ತಿಳಿಸಬೇಕು. ಹಂಚಿಹೋದ ನಿಧಿ ಹರಿದುಹೋದ ಗ್ರಂಥವಿದ್ದಂತೆ, ಒಂದೊಂದು ಹಾಳೆಯಿಂದ ಕಥೆ ತಿಳಿಯದು.

ಹೆಸರನ್ನು ಹೇಳುವವರಿಗೂ ಒಂದು ಮಾತು. ಓದಿದ ಅಕ್ಷರ ಯಾವುದು, ಊಹಿಸಿದ ಅಕ್ಷರ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆಯುವುದು ಶಾಸನ ಸಂಪಾದಕರ ಶಿಸ್ತು. ಅವರು ಅಳಿಸಿದ ಅಕ್ಷರವನ್ನು ಕಂಸದಲ್ಲಿಡುತ್ತಾರೆ. ನಾಣ್ಯಕ್ಕೂ ಅದೇ ಶಿಸ್ತು ಬೇಕು. ಆ ಮೊದಲ ದಿನ ನಾನು ‘ಬಿರುದು ಅಲಾಉದ್ದೀನ್, ಹೆಸರು ಸವೆದಿದೆ’ ಎಂದಷ್ಟೇ ಬರೆದಿದ್ದರೆ ಅದು ಅಪೂರ್ಣವಾಗಿರುತ್ತಿತ್ತು, ಆದರೆ ನಿಜವಾಗಿರುತ್ತಿತ್ತು.

ಉಪಾಧ್ಯಾಯರಿಗೆ ಎರಡನೆಯ ಚೀಟಿಯನ್ನು ಬರೆದುಕೊಟ್ಟು, ಮೊದಲನೆಯದನ್ನು ಹರಿದುಬಿಡಿ ಎಂದು ಕೇಳಿಕೊಂಡೆ. ಅವರು ನಕ್ಕು, “ಇರಲಿ ಬಿಡ್ರಿ, ಎರಡೂ ಇರಲಿ. ಸಾಲಿ ಹುಡುಗರಿಗೆ ತೋರಸ್ತೀನಿ” ಎಂದರು. ಅವ್ವನ ಕೊರಳಿನ ಟಂಕವನ್ನೂ ಎರಡು ಚೀಟಿಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಅವರು ಕಲಬುರಗಿಯ ಬಸ್ಸು ಹಿಡಿದರು.